ನಾನೂರ ಹನ್ನೆರಡು ಬುಡ

ಬುಡ ಕೈಗೆ ಕಿತ್ತುಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಇದ್ದ ಜಾಗದಲ್ಲೇ ಮತ್ತೆ ಕೂರಿಸಿದ್ದು.

ಏಳನೆಯ ಗೂಟದ ಪಕ್ಕ ಎಣಿಕೆಯ ಕಬ್ಬಿಣದ ಚೌಕವನ್ನು ನೆಲಕ್ಕಿಡಲು ಬಗ್ಗಿದ್ದೆ. ಸಣ್ಣ ಕಲ್ಲೊಂದು ಉರುಳಿ ಕಾಲು ಜಾರಿತು. ಬೀಳದಿರಲೆಂದು ಸಿಕ್ಕ ಹುಲ್ಲನ್ನು ಗಟ್ಟಿಯಾಗಿ ಹಿಡಿದೆ. ಬೆಳ್ಳಿಗರಿ ಹುಲ್ಲು, ಮೊಣಕಾಲೆತ್ತರ, ಎರಡೂ ಕೈಯ ಬೆರಳು ಕೂಡಿಸಿದರೂ ಸುತ್ತಲಾಗದಷ್ಟು ದಪ್ಪದ ಬುಡ. ನನ್ನಂಥ ನಾಲ್ಕು ಜನ ಜೋತುಬಿದ್ದರೂ ಅದು ಅಲುಗಬಾರದು. ಅದು ತಲೆಯ ಮೇಲಿನ ಟೋಪಿ ತೆಗೆದಷ್ಟು ಸಲೀಸಾಗಿ ಎದ್ದುಬಂತು. ಬೇರಿರಬೇಕಾದಲ್ಲಿ ಕಂದು ಪುಡಿ ಮತ್ತು ಗಾಬರಿಯಾದ ಎರಡು ಗೆದ್ದಲು.

ಗೇಟಿನ ಕಡೆ ನೋಡಿದೆ. ದೊಡ್ಡಪ್ಪ ಜೀಪಿನಲ್ಲಿ ಕೂತು ಪೇಪರು ಓದುತ್ತಿದ್ದರು. ಒಡೆದ ಕಪ್ಪನ್ನು ಬಿರುಕು ಗೋಡೆಯ ಕಡೆ ಮಾಡಿ ಕಪಾಟಿನಲ್ಲಿಡುತ್ತಾರಲ್ಲ, ಹಾಗೆ ಬುಡವನ್ನು ಅದರ ಗುಳಿಯಲ್ಲಿಟ್ಟು ಸುತ್ತ ಮಣ್ಣು ಒತ್ತಿದೆ. ಎಲೆಗಳನ್ನು ನೇವರಿಸಿ ನಿಲ್ಲಿಸಿದೆ. ಗಾಳಿ ಬೀಸಿತು, ಬುಡ ಅಕ್ಕಪಕ್ಕದವುಗಳ ಜೊತೆ ಸೇರಿ ಚೆನ್ನಾಗಿಯೇ ತೂಗಿತು. ಆಮೇಲೆ ರಿಜಿಸ್ಟರಿನಲ್ಲಿ ಬರೆದೆ: ಗೂಟ ಏಳು, ಬುಡ ಹನ್ನೊಂದು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಹುಲ್ಲುಗಾವಲು ಕಚೇರಿಯಲ್ಲಿ ಎಣಿಕೆಗೆ ಇರುವುದು ಎರಡೇ ನಿಯಮ, ಎರಡನ್ನೂ ಮಾಡಿದವರು ದೊಡ್ಡಪ್ಪ. ಬುಡ ನಿಂತಿದ್ದರೆ ಒಂದು. ಬೇಲಿಯೊಳಗೆ ಹುಲ್ಲನ್ನು ಕೈಯಿಂದ ಮುಟ್ಟಬಾರದು. ಎಣಿಕೆ ನಡೆಯುವುದು ಬೀಜ ಉದುರಿದ ಮೇಲೆ, ಬದುಕಿರುವ ಬುಡವೂ ಒಣ ಹುಲ್ಲಿನ ಬಣ್ಣಕ್ಕೆ ತಿರುಗಿರುವ ಕಾಲದಲ್ಲಿ. ಆಗಷ್ಟೇ ಬುಡ ಬುಡ ಬಿಡಿಬಿಡಿಯಾಗಿ ಕಾಣುತ್ತದೆ, ಎಣಿಸುವುದು ಸುಲಭ. ಹೀಗೆ ಇಪ್ಪತ್ತೆರಡು ವರ್ಷ ಯಾರೂ ಮುಟ್ಟದೆ, ಕಣ್ಣಳತೆಯಲ್ಲೇ, ನಲವತ್ತು ಗೂಟಗಳ ಪಕ್ಕ ನಲವತ್ತು ಚೌಕವಿಟ್ಟು ಎಣಿಸುತ್ತ ಬಂದಿದ್ದರು. ನಾನೂರ ಒಂಬತ್ತು. ನಾನೂರ ಹನ್ನೆರಡು. ನಾನೂರ ಹನ್ನೊಂದು. ನಾನೂರ ಹನ್ನೆರಡು. ರಿಜಿಸ್ಟರಿನ ಆ ಪುಟ ದೊಡ್ಡಪ್ಪನಿಗೆ ಮಕ್ಕಳ ಮಾರ್ಕ್ಸ್ ಕಾರ್ಡಿನ ಹಾಗೆ. ಬಂದವರಿಗೆಲ್ಲ ತೋರಿಸುತ್ತಿದ್ದರು.

ಎಂಟನೆಯ ಗೂಟದಲ್ಲಿ ಬೇಕೆಂದೇ ಒಂದನ್ನು ಹಿಡಿದು ಮೆಲ್ಲಗೆ ಎಳೆದೆ. ಬಂತು. ಪಕ್ಕದ್ದೂ ಬಂತು. ಮೂರನೆಯದು ಬರಲಿಲ್ಲ, ಅದರ ಕಾಂಡದ ಬುಡದ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿದರೆ ಒಳಗೆ ಹಸಿ ಬಿಳುಪು, ತೇವ. ನಾಲ್ಕು ಗಂಟೆಗೆ ದೊಡ್ಡಪ್ಪ ಜೀಪಿನ ಹಾರನ್ನು ಎರಡು ಸಲ ಬಾರಿಸುವ ಹೊತ್ತಿಗೆ ನನಗೆ ವಿಷಯ ಗೊತ್ತಾಗಿಹೋಗಿತ್ತು. ಈ ಜಾತಿಯ ಹುಲ್ಲು ವರ್ಷಕ್ಕೊಮ್ಮೆಯಾದರೂ ದನಕುರಿಯ ಬಾಯಿಗೆ ಸಿಗಬೇಕು. ಸಿಗದಿದ್ದರೆ ಹಳೆಯ ಎಲೆ ಉದುರುವುದಿಲ್ಲ, ನಿಂತಲ್ಲೇ ಒಣಗಿ ಒತ್ತೊತ್ತಾಗುತ್ತದೆ. ನಡುವಿನಿಂದ ಏಳಬೇಕಾದ ಹೊಸ ಚಿಗುರಿಗೆ, ತೆಂಡೆಗೆ, ಬೆಳಕಿಲ್ಲ. ಸಾವು ಬುಡದ ನಡುವಿನಿಂದ ಹೊರಕ್ಕೆ ಹರಡುತ್ತದೆ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದೂ ಇದ್ದೆ. ಕೈಗೆ ಬಂದಾಗ ಮಾತ್ರ ಅದು ಬೇರೆಯಾಗಿತ್ತು.

ದೊಡ್ಡಪ್ಪ ಗೇಟಿಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಜೀಪು ಹತ್ತಿದರು. "ಎಷ್ಟಾಯ್ತು ಪುಟ್ಟಿ?"

"ಎಂಟು ಗೂಟ," ಅಂದೆ.

"ಅವಸರ ಬೇಡ. ಬಿಸಿಲಲ್ಲಿ ಕೂರಬೇಡ. ನೀರು ಕುಡಿದ್ಯಾ?"

ಕುಡಿದೆ ಅಂದೆ. ಅಷ್ಟೇ.

ಪದವಿ ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕೂತಿದ್ದವಳು ನಾನು. ಸಂದರ್ಶನಕ್ಕೆ ಹೋದ ಕಡೆಯೆಲ್ಲ ಬಾಯಿ ಕಟ್ಟಿಹೋಗುತ್ತಿತ್ತು. ಒಂದು ಕಡೆ ನನ್ನ ಹೆಸರು ಹೇಳಲೂ ಆಗದೆ ಕಾಗದ ಮುಂದೆ ತಳ್ಳಿ ಬಂದಿದ್ದೆ. ಆಗ ದೊಡ್ಡಪ್ಪ ಬಂದು ಅಪ್ಪನಿಗೆ ಹೇಳಿದ್ದು, ಹುಲ್ಲಿನ ಹತ್ತಿರ ಯಾರೂ ಮಾತಾಡಬೇಕಿಲ್ಲ, ಎಣಿಸಿದರೆ ಸಾಕು, ಎರಡು ವರ್ಷದ ತಾತ್ಕಾಲಿಕ ಹುದ್ದೆಯೊಂದಿದೆ, ನಮ್ಮ ಮನೆಯಲ್ಲೇ ಇರಲಿ, ಇವಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ನೋಡಿಕೊಂಡರು. ಬೆಳಿಗ್ಗೆ ಎಂಟೂಕಾಲಿಗೆ ಜೀಪು, ಸಂಜೆ ನಾಲ್ಕಕ್ಕೆ ಜೀಪು. ಮೂಲೆಯಂಗಡಿಗೆ ಸೋಪು ತರಲು ಚಪ್ಪಲಿ ಮೆಟ್ಟಿದರೆ "ನಾನು ತರ್ತೀನಿ ಬಿಡು" ಎಂದು ಅವರೇ ಹೊರಡುತ್ತಿದ್ದರು. ನನ್ನ ಕೋಣೆಯ ಕಿಟಕಿಗೆ ಸೊಳ್ಳೆಯ ಜಾಲರಿ, ಅದರ ಹೊರಗೆ ಸರಳು, ಸರಳಿನಾಚೆ ಎರಡಡಿ ದೂರದಲ್ಲಿ ಹಿಂಬದಿಯ ಗೋಡೆ. ಅವರ ಸೊಂಟದಲ್ಲಿ ಐದು ಕೀಲಿಯ ಗೊಂಚಲು: ಮನೆಯ ಗೇಟು, ಮುಂಬಾಗಿಲು, ಕಚೇರಿ, ಒಣಹುಲ್ಲಿನ ಮಾದರಿಗಳ ಬೀರು, ಬೇಲಿ. ಅವರು ಕಾಣುವ ಮೊದಲು ಗೊಂಚಲಿನ ಸದ್ದು ಕೇಳುತ್ತಿತ್ತು. ದೊಡ್ಡಮ್ಮ ನಗುತ್ತ ಹೇಳುತ್ತಿದ್ದರು, "ನಿನ್ನನ್ನ ಮೊಟ್ಟೆ ತರೋ ಹಾಗೆ ತರ್ತಾರಲ್ಲೇ." ಮಕ್ಕಳಿಲ್ಲದ ಮನೆ. ಇಬ್ಬರೂ ಒಳ್ಳೆಯವರು. ಒಳ್ಳೆಯವರಲ್ಲದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ದಿನಚರಿಯಲ್ಲಿ ಒಂದು ಸಲ ಬರೆದು, ನಾಚಿಕೆಯಾಗಿ ಹೊಡೆದುಹಾಕಿದ್ದೆ.

ಕಚೇರಿಯ ಗೋಡೆಯಲ್ಲಿ ಒಂದು ನಕ್ಷೆಯಿದೆ. ಬೆಳ್ಳಿಗರಿ ಎಲ್ಲೆಲ್ಲಿದೆ ಎಂಬುದನ್ನು ದೊಡ್ಡಪ್ಪ ಹಸಿರು ಪೆನ್ಸಿಲಿನಿಂದ ತುಂಬಿದ್ದು. ಅವರು ಕೆಲಸಕ್ಕೆ ಸೇರಿದಾಗ ಹಸಿರು ಮೂರು ಗುಡ್ಡ, ಎರಡು ಕಣಿವೆ, ಹಳ್ಳದ ಎರಡೂ ದಡ ಹರಡಿತ್ತಂತೆ. ವರ್ಷಕ್ಕಿಷ್ಟು ಅಳಿಸಿ ಅಳಿಸಿ ಆ ಭಾಗದ ಕಾಗದ ತೆಳುವಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ಈಗ ಉಳಿದಿರುವುದು ಎರಡೇ ಹಸಿರು. ಒಂದು ನಮ್ಮ ಬೇಲಿ, ನಲವತ್ತು ಎಕರೆ. ಇನ್ನೊಂದು ಬಡಗಣ ಇಳಿಜಾರು, ಅದರ ನಾಲ್ಕರಷ್ಟು, ಕುರಿ ಹಿಂಡುಗಳು ಬಂದು ಹೋಗುವ ಬಯಲು.

ದೊಡ್ಡಪ್ಪನ ನಿವೃತ್ತಿಗೆ ಒಂದು ತಿಂಗಳಿತ್ತು. ಹೋಗುವ ಮೊದಲು ಬಡಗಣ ಇಳಿಜಾರಿಗೂ ಬೇಲಿ ಹಾಕಿಸಬೇಕೆಂಬುದು ಅವರ ಆಸೆ. ತಂತಿಯ ಸುರುಳಿಗಳು ಆಗಲೇ ಕಚೇರಿಯ ಹಿತ್ತಲಲ್ಲಿ ಬಂದು ಬಿದ್ದಿದ್ದವು. ಬೇಕಾಗಿದ್ದದ್ದು ಈ ವರ್ಷದ ಎಣಿಕೆ. ಬೇಲಿಯೊಳಗೆ ಹುಲ್ಲು ಕ್ಷೇಮ ಎಂದು ಅದು ಹೇಳಬೇಕು, ತಪಾಸಣೆಯ ಅಧಿಕಾರಿ ಬಂದು ನೋಡಿ ಮಂಜೂರು ಮಾಡಬೇಕು. ಎಣಿಕೆಯ ಹಾಳೆಯ ಕೊನೆಯಲ್ಲಿ ಎರಡು ಸಹಿ. ‘ಪರಿಶೀಲಿಸಿದವರು’ ಎಂಬಲ್ಲಿ ದೊಡ್ಡಪ್ಪ. ‘ಎಣಿಸಿದವರು’ ಎಂಬಲ್ಲಿ ನಾನು.

ಆ ವಾರವೆಲ್ಲ ಎರಡು ಎಣಿಕೆ ಮಾಡಿದೆ. ರಿಜಿಸ್ಟರಿನಲ್ಲಿ ನಿಂತವು. ದಿನಚರಿಯಲ್ಲಿ ಬದುಕಿದವು. ದೊಡ್ಡಪ್ಪ ಪೇಪರಿನ ಹಾಳೆ ತಿರುಗಿಸುವಾಗ ಒಂದೊಂದೇ ಎಳೆದು ನೋಡಿ, ಕಿತ್ತುಬಂದದ್ದನ್ನು ಮತ್ತೆ ನಿಲ್ಲಿಸುತ್ತಿದ್ದೆ. ಮುಗಿದಾಗ ರಿಜಿಸ್ಟರು ನಾನೂರ ಹನ್ನೆರಡು ಅಂತು. ದಿನಚರಿ ಅರವತ್ತೊಂದು ಅಂತು.

ಜೀಪಿನಲ್ಲಿ ಮೂರು ಸಲ ಹೇಳಲು ಹೋದೆ. ಮೊದಲ ಸಲ "ದೊಡ್ಡಪ್ಪ" ಅಂದೆ. ಅವರು "ಹೇಳು ಮಗಳೇ" ಅಂದರು. ನಾನು ಕಿಟಕಿಯ ಗಾಜು ಏರಿಸಲಾ ಎಂದು ಕೇಳಿದೆ. ಎರಡನೆಯ ಸಲ ಅವರೇ ಶುರು ಮಾಡಿದರು, ಬೇಲಿಗೆ ಮೊದಲ ಕಂಬ ನೆಟ್ಟ ದಿನದ ಕಥೆ, ನಾನು ಬಾಯಿ ಹಾಕಲಿಲ್ಲ. ಮೂರನೆಯ ಸಲ ಸುತ್ತುಬಳಸಿ ಕೇಳಿದೆ, ಒಂದು ಬುಡ ಒಳಗಿಂದ ಒಣಗಿದೆ ಅಂತ ಅನುಮಾನ ಬಂದರೆ ಹೇಗೆ ಬರೆಯುವುದು ಎಂದು.

"ನಿಂತಿದ್ಯಾ?"

"ನಿಂತಿದೆ."

"ನಿಂತಿದ್ರೆ ಒಂದು." ಗೇರು ಬದಲಿಸಿ ಅವರು ಪ್ರೀತಿಯಿಂದಲೇ ಅಂದರು, "ಅನುಮಾನಕ್ಕೆಲ್ಲ ಕಾಲಂ ಮಾಡ್ತಾ ಹೋದ್ರೆ ರಿಜಿಸ್ಟರು ಸಾಲಲ್ಲ ಪುಟ್ಟಿ."

ಬಡಗಣ ಇಳಿಜಾರಿನಲ್ಲೂ ಹೋಲಿಕೆಗಾಗಿ ಹತ್ತು ಚೌಕ ಇಡಬೇಕಿತ್ತು. ಅಲ್ಲಿ ಮರದ ನೆರಳಿಲ್ಲ, ಹಾಗಾಗಿ ದೊಡ್ಡಪ್ಪ ಜೀಪನ್ನು ಕೆಳಗೆ ಹಳ್ಳದ ಬಳಿ ನಿಲ್ಲಿಸಿಕೊಂಡು, ಎರಡು ಗಂಟೆ ಅಷ್ಟೇ ಎಂದು ಕಳಿಸಿದರು. ಮೇಲೆ ಹತ್ತಿದಾಗ ಕುರಿಗಳ ನಡುವೆ ಹಿಂಡಿನಕ್ಕ ನಿಂತಿದ್ದಳು. ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. ಅರವತ್ತು ದಾಟಿದ ಹೆಂಗಸು, ಹರಿದ ಗಂಡಸಿನ ಕೋಟು, ಗಲ್ಲದವರೆಗೆ ಬರುವ ಕೋಲು. ಆರು ಮನೆಯವರ ಹಿಂಡಿಗೆ ಯಾವ ದಿನ ಎಲ್ಲಿ ಎಂದು ಹೇಳುವವಳು ಅವಳೇ.

"ಬಂದ್ರಾ ಲೆಕ್ಕದ ಮೇಡಮ್ಮ," ಅಂದಳು. "ನಿಮ್ಮ ಬೇಲಿಯೊಳಗಿನ ಹುಲ್ಲು ಹೇಗಿದೆ? ದಿನಾ ಎಣ್ಣೆ ಹಚ್ಚಿ ತಲೆ ಬಾಚ್ತೀರಂತೆ?"

ನನಗೆ ನಗು ಬಂತು, ತಡೆದುಕೊಂಡೆ. ಚೌಕ ಇಟ್ಟು ಎಣಿಸಿದೆ. ಬುಡಗಳು ಚಿಕ್ಕವು, ಗಿಡ್ಡ, ಮೇಲೆಲ್ಲ ಕಚ್ಚಿ ಮೊಂಡಾದವು. ನೋಡಲು ಏನೇನೂ ಚಂದವಿಲ್ಲ. ಒಂದೊಂದನ್ನೇ ಎಳೆದೆ. ಒಂದೂ ಬರಲಿಲ್ಲ. ಬುಡಗಳ ನಡುವೆ ಗೊರಸಿನ ಗುಳಿಗಳಲ್ಲಿ ಸೂಜಿಯಂಥ ಹುಲ್ಲಿನ ಮರಿಗಳು, ಒಂದು ಚೌಕದಲ್ಲೇ ಇಪ್ಪತ್ತೆಂಟು. ನಲವತ್ತು ಎಕರೆ ಬೇಲಿಯೊಳಗೆ ನಾನು ಒಂದೇ ಒಂದು ಮರಿಯನ್ನೂ ಕಂಡಿರಲಿಲ್ಲ.

ನಾನು ಎಳೆಯುವುದನ್ನು ಅವಳು ಗಮನಿಸುತ್ತಿದ್ದಳು. ಏನೂ ಕೇಳದೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ರೀತಿಯನ್ನು ಹೇಳಿದಳು. ಬೀಜ ಉದುರುವವರೆಗೆ ಈ ಕಡೆ ಕುರಿ ತಿರುಗುವಂತಿಲ್ಲ. ಉದುರಿದ ಮೇಲೆ ಒಂಬತ್ತು ದಿನ ಮೇಯಬಹುದು. ಬೀಜಕ್ಕೆ ತಿರುಚಿದ ಬಾಲವಿದೆ, ಅದು ತಾನಾಗಿ ಮಣ್ಣು ಕೊರೆಯುತ್ತದೆ, ಆದರೆ ಮೇಲಿನಿಂದ ಒಂದು ಗೊರಸು ಬೀಳಬೇಕು. ಕೋಲಿನ ಬುಡದಿಂದ ಮೊದಲ ಗಂಟಿನವರೆಗೆ ಹುಲ್ಲು ಉಳಿದಿರುವಾಗಲೇ ಹಿಂಡು ಏಳಬೇಕು. ಮತ್ತೆ ಎಲೆ ಎರಡನೆಯ ಗಂಟಿಗೆ ಬರುವವರೆಗೆ ಇತ್ತ ತಲೆ ಹಾಕಬಾರದು. ಹೀಗೆಂದು ಅವಳಿಗೆ ಹೇಳಿಕೊಟ್ಟವರು ಅವಳ ಅತ್ತೆ, ಕೋಲೂ ಅತ್ತೆಯದೇ.

"ಎಲ್ಲಾರೂ ಹೀಗೇ ಮಾಡಿದ್ರೆ ನಿಮ್ಮ ದೊಡ್ಡಪ್ಪಂಗೆ ಬೇಲಿ ಯಾಕೆ ಬೇಕಿತ್ತು?" ಅಂದಳು. "ಮಾಡ್ಲಿಲ್ಲ. ಆ ಮೂರು ಗುಡ್ಡ ಬೋಳಿಸಿದ್ದು ನಮ್ಮೋರೇ. ಅದಕ್ಕೆ ನಾನು ಅವರನ್ನ ಬೈಯಲ್ಲ. ಆದ್ರೆ ಇಲ್ಲಿಗೆ ತಂತಿ ಹಾಕಿದ್ರೆ ಆ ಒಂಬತ್ತು ದಿನ ನಾನು ಈ ಹಿಂಡನ್ನ ತಲೆ ಮೇಲೆ ಹೊತ್ಕೊಂಡು ನಿಲ್ಲಬೇಕು. ನಿಮ್ಮ ಸಹಿ ಬೀಳಬೇಕಂತಲ್ಲ ಮೇಡಮ್ಮ. ಹಾಕ್ತೀರಾ?"

ನಾನು ಚೌಕವನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಕೆಳಗಿನಿಂದ ಹಾರನ್ನು ಎರಡು ಸಲ ಕೇಳಿಸಿತು. ಅವಳು ಜೀಪನ್ನೂ ನನ್ನನ್ನೂ ನೋಡಿ, ಕನಿಕರವೋ ತಮಾಷೆಯೋ ತಿಳಿಯದ ದನಿಯಲ್ಲಿ, "ಹೋಗಿ ತಾಯಿ, ದೊಡ್ಡಿಗೆ ಹೊತ್ತಾಯ್ತು," ಅಂದಳು.

ಆ ಮಾತು ಇಳಿಜಾರಿನುದ್ದಕ್ಕೂ ಬೆನ್ನಿಗೆ ಅಂಟಿಕೊಂಡು ಬಂತು.

ತಪಾಸಣೆಯ ಹಿಂದಿನ ದಿನ ಸಂಜೆ ದೊಡ್ಡಮ್ಮನ ಜೊತೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ನಿಂತಿದ್ದೆ. ಹೊರಗೆ ದೊಡ್ಡಪ್ಪ ನಾಳೆಗೆಂದು ಷೂ ಪಾಲಿಶ್ ಮಾಡುತ್ತಿದ್ದರು, ಬ್ರಷ್ಷಿನ ಸದ್ದು ಒಳಗೆ ಬರುತ್ತಿತ್ತು. ಒಂದು ತಟ್ಟೆಯನ್ನು ಒರೆಸಿದ್ದನ್ನೇ ಒರೆಸುತ್ತ, ಬೇಲಿಯೊಳಗಿನ ಹುಲ್ಲು ಸತ್ತಿದೆ ದೊಡ್ಡಮ್ಮ, ನಾನೂರರಲ್ಲಿ ಅರವತ್ತೊಂದೇ ಉಳಿದಿದೆ ಎಂದು ಹೇಳಿಬಿಟ್ಟೆ. ಅವರು ನಲ್ಲಿ ನಿಲ್ಲಿಸಲಿಲ್ಲ. ಸ್ವಲ್ಪ ಹೆಚ್ಚೇ ತಿರುಗಿಸಿದರು, ಸದ್ದು ಜೋರಾಗಲಿ ಎಂದು.

ಬೇಲಿ ಹಾಕಿದ ವರ್ಷದ ವಿಷಯ ಹೇಳಿದರು. ಆಗ ಗುಡ್ಡದ ಮಣ್ಣು ಗಾಳಿಗೆದ್ದು ಪೇಟೆಯ ಬೀದಿಗಳಲ್ಲಿ ಮಧ್ಯಾಹ್ನವೇ ದೀಪ ಹಾಕುವಂತಾಗಿತ್ತಂತೆ. ದೊಡ್ಡಪ್ಪ ಒಬ್ಬರೇ ಕಂಬ ಹೊತ್ತರು, ಹಿಂಡಿನವರ ಕೈಲಿ ಕಲ್ಲೇಟು ತಿಂದರು, ಹುಬ್ಬಿನ ಮೇಲಿನ ಗಾಯದ ಗುರುತು ಅದೇ. ಆ ದಿನ ಬೇಲಿ ಇಲ್ಲದಿದ್ದರೆ ಇವತ್ತು ಎಣಿಸಲು ಒಂದು ಬುಡವೂ ಇರುತ್ತಿರಲಿಲ್ಲ.

"ಇನ್ನು ಒಂದು ತಿಂಗಳೂ ಇಲ್ಲ," ಅಂದರು ದೊಡ್ಡಮ್ಮ. "ಮರ್ಯಾದೆಯಾಗಿ ಮನೆಗೆ ಬರಲಿ. ಆಮೇಲೆ ಬಂದೋರು ಬೇಕಾದ್ದು ಕಂಡ್ಹಿಡೀಲಿ."

"ಅಷ್ಟರಲ್ಲಿ ಬಡಗಣದ ಕಡೆ ತಂತಿ ಬಿದ್ದಿರತ್ತೆ ದೊಡ್ಡಮ್ಮ."

ಅವರು ನಲ್ಲಿ ನಿಲ್ಲಿಸಿದರು. ಒದ್ದೆ ಕೈಯಿಂದಲೇ ನನ್ನ ಕೆನ್ನೆ ಮುಟ್ಟಿದರು. "ನೀನು ಈ ಮನೆ ಮಗಳು ಕಣೇ," ಅಂದರು. ಅದಕ್ಕಿಂತ ಬಿಗಿಯಾದ ಗಂಟನ್ನು ಯಾರೂ ಹಾಕಲಾರರು.

ಮರುದಿನ ಹನ್ನೊಂದಕ್ಕೆ ಅಧಿಕಾರಿ ಬಂದರು. ದಪ್ಪ ಕನ್ನಡಕದ ಹೆಂಗಸು, ಮೂಗಿಗೆ ಕರವಸ್ತ್ರ. ಹುಲ್ಲಿನ ಇಲಾಖೆಯಲ್ಲಿ ಹದಿನೆಂಟು ವರ್ಷ, ಆದರೆ ಹುಲ್ಲು ಆಗಿಬರುವುದಿಲ್ಲ ಎಂದು ಸೀನುತ್ತಲೇ ಪರಿಚಯ ಹೇಳಿಕೊಂಡರು. ಗೇಟಿನ ಹೊರಗೆ ಹಿಂಡಿನಕ್ಕ ಮತ್ತು ಐದಾರು ಜನ ಬಂದು ನಿಂತಿದ್ದರು, ಸುಮ್ಮನೆ ನೋಡಲು. ದೊಡ್ಡಪ್ಪ ಬೀಗ ತೆಗೆದು ನಮ್ಮಿಬ್ಬರನ್ನು ಒಳಗೆ ಬಿಟ್ಟು, ಅಭ್ಯಾಸಬಲದಿಂದ ಒಳಗಿನಿಂದ ಬೀಗ ಹಾಕಿದರು. ಒಮ್ಮೆ ಎಳೆದು ನೋಡಿದರು.

ಹುಲ್ಲು ಆ ದಿನ ಎಂದಿಗಿಂತ ಚೆನ್ನಾಗಿತ್ತು. ಗಾಳಿಗೆ ನಲವತ್ತು ಎಕರೆಯೂ ಒಂದೇ ಸಲ ಬಾಗಿ ಬೆಳ್ಳಿಯಾಗುತ್ತಿತ್ತು. "ಎಷ್ಟು ಚೆಂದ ಇದೆ," ಎಂದರು ಅಧಿಕಾರಿ, ಮನಸಾರೆ. ದೊಡ್ಡಪ್ಪ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದರು, ಇಪ್ಪತ್ತೆರಡು ವರ್ಷದ್ದನ್ನೂ. ಹೊರಗೆ ನಿಂತವರಿಗೂ ಕೇಳಲಿ ಎಂದು ದನಿ ಏರಿಸಿದರು. ಆಮೇಲೆ ಕಂಬದ ಚಪ್ಪಟೆ ತಲೆಯ ಮೇಲೆ ರಿಜಿಸ್ಟರು ಬಿಡಿಸಿ, ತಮ್ಮ ಜೇಬಿನ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಹಾಕು ಪುಟ್ಟಿ."

ಪೆನ್ನು ಹಾಳೆಯ ಮೇಲಿಟ್ಟೆ. ಒಂದು ಚುಕ್ಕಿ ಬಿತ್ತು. ಚುಕ್ಕಿ ಅಗಲವಾಯಿತು. ಹೇಳಬೇಕಾದ ವಾಕ್ಯಗಳೆಲ್ಲ ನನ್ನ ಹತ್ತಿರ ಸಿದ್ಧವಿದ್ದವು, ವಾರವಿಡೀ ದಿನಚರಿಯಲ್ಲಿ ಬರೆದು ತಿದ್ದಿದ್ದೆ. ದಿನಚರಿ ಚೀಲದಲ್ಲೇ ಇತ್ತು. ಅದನ್ನು ತೆಗೆದು ಕೊಟ್ಟರೆ ಸಾಕಿತ್ತು. ಆದರೆ ಅದೇ ಹಾಳೆಗಳಲ್ಲಿ ಕೀಲಿಗೊಂಚಲಿನ ಬಗ್ಗೆ ಬರೆದಿದ್ದೆ, ಕಿಟಕಿಯ ಬಗ್ಗೆ, ಹಾರನ್ನಿನ ಬಗ್ಗೆ, ಒಳ್ಳೆಯವರಲ್ಲದಿದ್ದರೆ ಎಂಬ ಸಾಲು ಹೊಡೆದುಹಾಕಿದ್ದರೂ ಓದಬಹುದಿತ್ತು. ಬಾಯಿ ತೆರೆದೆ. ಸಂದರ್ಶನದ ಕೋಣೆಗಳಲ್ಲಿ ಆದಂತೆಯೇ ಆಯಿತು.

"ಏನಾಯ್ತು? ಬಿಸಿಲಾ?" ಎಂದರು ದೊಡ್ಡಪ್ಪ. ನೀರಿನ ಬಾಟಲಿಗೆ ಕೈ ಹಾಕಿದರು.

ನಾನು ಪೆನ್ನನ್ನು ಹಾಳೆಯ ಮೇಲೆ ಬಿಟ್ಟು ನಡೆದೆ. ಎಲ್ಲಿಗೆ ಎಂದು ಅವರು ಕೇಳಿದ್ದು ಕೇಳಿಸಿತು. ಏಳನೆಯ ಗೂಟದ ಹತ್ತಿರ ಬಗ್ಗಿ, ನನ್ನ ಬುಡವನ್ನು, ಮೊದಲ ದಿನ ನಾನೇ ಕೂರಿಸಿದ್ದನ್ನು, ಎರಡೂ ಕೈಯಿಂದ ಎತ್ತಿದೆ. ತಂದು ರಿಜಿಸ್ಟರಿನ ಮೇಲೆ, ನಾನೂರ ಹನ್ನೆರಡು ಎಂದು ಬರೆದ ಜಾಗದಲ್ಲಿ ಇಟ್ಟೆ. ಕಂದು ಪುಡಿ ಅಂಕಿಗಳ ಮೇಲೆ ಉದುರಿತು. ಮತ್ತೆ ಹೋಗಿ ಇನ್ನೊಂದು ತಂದೆ. ಇನ್ನೂ ಒಂದು ತಂದೆ. ನಾಲ್ಕನೆಯದಕ್ಕೆ ಹೋದಾಗ ಅಧಿಕಾರಿ ಕರವಸ್ತ್ರ ತೆಗೆದು, ತಾವೇ ಬಗ್ಗಿ ಪಕ್ಕದ ಬುಡವೊಂದನ್ನು ಎಳೆದರು. ಅದು ಅಷ್ಟು ಸುಲಭವಾಗಿ ಬರುತ್ತದೆಂದು ತಿಳಿಯದೆ ಹಿಂದಕ್ಕೆ ಎರಡು ಹೆಜ್ಜೆ ತೂರಾಡಿದರು.

"ಇಂಥವು ಎಷ್ಟಿವೆ?" ಎಂದು ಕೇಳಿದರು.

"ಬದುಕಿರೋದು ಅರವತ್ತೊಂದು," ಅಂದೆ. ದನಿ ನನ್ನದಲ್ಲ ಅನ್ನಿಸಿತು, ಆದರೆ ಬಂತು. "ಬಡಗಣದ ಕಡೆ ಎಲ್ಲವೂ ಬದುಕಿವೆ. ಕುರಿ ತಿನ್ನೋದ್ರಿಂದಲೇ ಬದುಕಿವೆ. ಅಲ್ಲಿ ತಂತಿ ಬೇಡ."

ಎಲ್ಲಿ ಬರೆದಿದ್ದೀರಿ ಎಂದರು. ನಾನು ಚೀಲವನ್ನು ಎದೆಗವಚಿಕೊಂಡು, ಹಿಂಡಿನಕ್ಕನ ಒಂಬತ್ತು ದಿನದ ರೀತಿಯನ್ನೂ ಸೇರಿಸಿ ಬೇರೆ ಹಾಳೆಗೆ ಇಳಿಸಿ ಕೊಡುತ್ತೇನೆ ಅಂದೆ. ಆಮೇಲೆ ಮಾತ್ರ ದೊಡ್ಡಪ್ಪನ ಕಡೆ ನೋಡಿದೆ. ಅವರು ರಿಜಿಸ್ಟರಿನ ಮೇಲಿನ ಮೂರು ಬುಡಗಳನ್ನು ನೋಡುತ್ತಿದ್ದರು. ಬೇಲಿಯೊಳಗೆ ಕೈ ಮುಟ್ಟಬಾರದು ಎಂದು ನನ್ನನ್ನು ಗದರುವುದಕ್ಕೂ ಅವರಿಗೆ ಆಗಲಿಲ್ಲ. ಪೆನ್ನಿನ ಮುಚ್ಚಳ ಇನ್ನೂ ಅವರ ಕೈಯಲ್ಲಿತ್ತು. ಹೊರಗೆ ಯಾರೋ ನಗಲು ಹೊರಟರು. ಹಿಂಡಿನಕ್ಕ ಕೋಲನ್ನು ನೆಲಕ್ಕೆ ಕುಟ್ಟಿದಳು, ನಗು ಅಲ್ಲಿಗೇ ನಿಂತಿತು.

ಆ ಸಂಜೆಯ ಜೀಪಿನ ಬಗ್ಗೆ ಬರೆಯಲು ಏನೂ ಇಲ್ಲ. ಅವರು ನೀರು ಕುಡಿದ್ಯಾ ಎಂದು ಕೇಳಲಿಲ್ಲ. ಮನೆಯ ಗೇಟಿಗೆ ಬೀಗ ಎಂದಿನಂತೆ ಬಿತ್ತು. ದೊಡ್ಡಮ್ಮ ತಟ್ಟೆ ಇಟ್ಟರು, ಬಡಿಸಿದರು, ಮುಖ ನೋಡಲಿಲ್ಲ. ಸತ್ಯ ಹೇಳಿದ ಮೇಲೆ ಎಲ್ಲಿಗಾದರೂ ಎದ್ದುಹೋಗಬಹುದು ಎಂದು ಬೇರೆಯವರು ಹೇಳಿಯಾರು. ನನಗೆ ಹೋಗಲು ಇದ್ದದ್ದು ಅದೇ ಕೋಣೆ, ಅದೇ ಕಿಟಕಿ. ಮರುದಿನ ಎಂಟೂಕಾಲಿಗೆ ಅದೇ ಜೀಪು. ಪಕ್ಕದಲ್ಲಿ ಅದೇ ಮನುಷ್ಯ, ಕೀಲಿಗೊಂಚಲು ಸದ್ದು ಮಾಡದಂತೆ ಕೈಯಲ್ಲಿ ಹಿಡಿದುಕೊಂಡು.

ಹತ್ತು ದಿನಕ್ಕೆ ಆದೇಶ ಬಂತು. ಬಡಗಣ ಇಳಿಜಾರಿನ ಬೇಲಿ ರದ್ದು. ಹಳೆಯ ಬೇಲಿಯೊಳಗೆ ಬದುಕಿರುವ ಬುಡಗಳನ್ನು ಮಾತ್ರ ಹೊಸದಾಗಿ ಎಣಿಸಬೇಕು. ಬರುವ ವರ್ಷ ಬೀಜ ಉದುರಿದ ಮೇಲೆ ಒಂಬತ್ತು ದಿನ ಹಿಂಡನ್ನು ಒಳಗೆ ಬಿಟ್ಟು ನೋಡಬೇಕು. ಎಣಿಸುವವರು: ನಾನು. ದೊಡ್ಡಪ್ಪ ಅದನ್ನು ಎರಡು ಸಲ ಓದಿ, ಫೈಲಿಗೆ ಸೇರಿಸಿ, ಎದ್ದು ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ರಬ್ಬರು ಎತ್ತಿಕೊಂಡರು. ಅಳಿಸಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡರು.

ಅವರ ಕೊನೆಯ ವಾರ ಹೊಸ ಎಣಿಕೆ ಶುರುವಾಯಿತು. ದೊಡ್ಡಪ್ಪ ಗೇಟು ತೆಗೆದರು, ನಾನು ಒಳಗೆ ಹೋದೆ. ಜೀಪಿಗೆ ಮರಳುತ್ತಾರೆ ಎಂದುಕೊಂಡೆ. ಅವರೂ ಒಳಗೆ ಬಂದರು, ತಿರುಗಿ ಬೀಗ ಹಾಕಿದರು, ಎಳೆದು ನೋಡಿದರು. ಹೊರಗೆ ಯಾರೂ ಇರಲಿಲ್ಲ. ಒಳಗೆ ನಾವಿಬ್ಬರೇ.

ಒಂದನೆಯ ಗೂಟಕ್ಕೆ ಚೌಕವಿಟ್ಟೆ. ಅವರು ಪಕ್ಕದಲ್ಲಿ ನಿಂತು, ಹದಿನೇಳು ದಿನಗಳಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಹೇಗೆ ಹಿಡೀಬೇಕು?"

ತೋರಿಸಿದೆ. ಬುಡಕ್ಕೆ ತೀರ ಹತ್ತಿರ, ಎರಡೂ ಕೈ, ಮೆಲ್ಲಗೆ. ಅವರು ಷೂ ಸಮೇತ ಮಂಡಿಯೂರಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಆ ಹುಲ್ಲನ್ನು ಮುಟ್ಟಿದ್ದು ಅದೇ ಮೊದಲು. ಹಿಡಿದು ಎಳೆದರು, ಬಂತು. ಪಕ್ಕಕ್ಕಿಟ್ಟರು. ಇನ್ನೊಂದು, ಅದೂ ಬಂತು. ಎತ್ತಿ ಹೊರಳಿಸಿ ಅಡಿಯ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ನಾನು ಪೆನ್ಸಿಲು ಹಿಡಿದು ಕಾಯುತ್ತಿದ್ದೆ, ಕಣ್ಣು ಬೇರೆ ಕಡೆ ಇಟ್ಟುಕೊಂಡು.

ಐದನೆಯದೋ ಆರನೆಯದೋ ಇರಬೇಕು. ಅವರು ಎಳೆದರು. ಇನ್ನಷ್ಟು ಬಲ ಹಾಕಿ ಎಳೆದರು. ಹುಬ್ಬಿನ ಮೇಲಿನ ಗಾಯದ ಗುರುತು ಕೆಂಪಾಯಿತು. ಕೈ ಬಿಡದೆ ಹಾಗೇ ಕೂತರು.

"ಇದು ಬರಲ್ಲ ಪುಟ್ಟಿ," ಅಂದರು.

ನಾನು ಬರೆದೆ: ಗೂಟ ಒಂದು, ಬುಡ ಒಂದು.